ಏಣಿಯಿಂದ ಬಿದ್ದವನ ಪರ್ಸೆಂಟೇಜು: ಡಾಕ್ಟ್ರು ಬರೆದಿದ್ದಾ, ಜಡ್ಜ್ ಹೇಳಿದ್ದಾ?

ಮೆಣಸು ಕೊಯ್ಲು ಶುರುವಾದ್ರೆ ನಮ್ಮ ಕೊಡಗಲ್ಲಿ ಏಣಿಯಿಂದ ಬಿದ್ದ ಸುದ್ದಿ ಕೇಳದೆ ಸೀಸನ್ ಮುಗಿಯಲ್ಲ. ಸಿಲ್ವರ್ ಮರಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಕೊಂಡು, ಒಂದು ಕೈಲಿ ಏಣಿ ಹಿಡಿದು ಇನ್ನೊಂದು ಕೈಲಿ ಗೊಂಚಲು ಕೀಳೋ ಕೆಲಸ, ಕಾಲು ಜಾರೋಕೆ ಒಂದು ಕ್ಷಣ ಸಾಕು. ಬಿದ್ದವ್ನು ಉಳ್ಕೊಂಡ್ರೆ ಪ್ಲೇಟ್ ಹಾಕಿ ಆಪರೇಷನ್ ಆಗತ್ತೆ, ತಿಂಗಳುಗಟ್ಲೆ ಆದ್ಮೇಲೆ ಡಾಕ್ಟ್ರು ಭುಜ ಎಷ್ಟು ಡಿಗ್ರಿ ಏಳತ್ತೆ ಅಂತ ಅಳೆದು ಒಂದು ನಂಬರ್ ಬರೀತಾರೆ. ಕೈಗೆ 30 ಪರ್ಸೆಂಟ್, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಅಂದ್ರೆ 10. ಆಮೇಲಿನ ಜಗಳ ಎಲ್ಲಾ ಈ 10ರ ಮೇಲೆ.

ಯಾಕಂದ್ರೆ ದುಡ್ಡು ನಿಂತಿರೋದೇ ಅಲ್ಲಿ. 40 ವರ್ಷದವನಿಗೆ ನೌಕರರ ಪರಿಹಾರ ಕಾಯ್ದೆಯ (ಕೆಲಸದಲ್ಲಿ ಗಾಯ ಆದವ್ರಿಗೆ ಮಾಲೀಕ ದುಡ್ಡು ಕೊಡ್ಬೇಕು ಅನ್ನೋ ಕಾನೂನು) ಟೇಬಲ್‌ನಲ್ಲಿರೋ ಫ್ಯಾಕ್ಟರ್ (ವಯಸ್ಸಿಗೆ ತಕ್ಕ ಗುಣಕ) 184.17, ಸಂಬಳದ ಮಿತಿ 2020ರಿಂದ 15,000, ಅದರ 60 ಪರ್ಸೆಂಟ್ 9,000. ಗುಣಿಸಿದ್ರೆ ಪೂರ್ತಿ ಅಂಗವೈಕಲ್ಯಕ್ಕೆ 16,57,530 ರೂಪಾಯಿ. 10 ಪರ್ಸೆಂಟ್ ಅಂದ್ರೆ ಹೆಚ್ಚೂಕಮ್ಮಿ 1.65 ಲಕ್ಷ, ಅದೇ ಭುಜವನ್ನ 40 ಅಂತ ಕೋರ್ಟ್ ಒಪ್ಪಿದ್ರೆ 6.63 ಲಕ್ಷ.

ಕಾಯ್ದೆ ಹಳೇದು, 1923ರದ್ದು, 1924ರ ಜುಲೈ 1ರಿಂದ ಜಾರಿ. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ಚೀಫ್ ಕಮಿಷನರ್ ಕೈಲಿತ್ತು. ಕಾಯ್ದೆಯಲ್ಲಿ ಒಂದು ಲಿಸ್ಟ್ ಇದೆ, ಹೆಬ್ಬೆರಳು ಹೋದ್ರೆ 30, ತೋರುಬೆರಳು ಪೂರ್ತಿ ಹೋದ್ರೆ 14, ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ರೆ 40. ಕಡಿದುಹೋದ ಅಂಗಕ್ಕೆ ಈ ಲೆಕ್ಕ ಸರಿ, ಆದ್ರೆ ತೋಟದಲ್ಲಿ ಆಗೋ ಗಾಯ ಹೆಚ್ಚಾಗಿ ಹಾಗಿರಲ್ಲ, ಮಣಿಕಟ್ಟು ಸೊಟ್ಟ ಕೂಡ್ಕೊಂಡಿರತ್ತೆ, ಭುಜ ಬಿಗಿದಿರತ್ತೆ, ಬೆನ್ನು ಬಗ್ಗಲ್ಲ, ಇದ್ಯಾವ್ದೂ ಲಿಸ್ಟಲ್ಲಿಲ್ಲ.

ಲಿಸ್ಟಲ್ಲಿದ್ದ ಗಾಯದಲ್ಲೂ ಲಿಸ್ಟೇ ಕೊನೇ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿಬಿಟ್ಟಿತ್ತು. ಒಬ್ಬ ಬಡಗಿ, ಸಿನಿಮಾ ಹಾಲ್ ಕೆಲಸದಲ್ಲಿ ಬಿದ್ದು ಎಡಗೈಯನ್ನ ಮೊಣಕೈ ಮೇಲಿಂದ ತೆಗೀಬೇಕಾಯ್ತು. ಲಿಸ್ಟ್ ಪ್ರಕಾರ ಅದಕ್ಕೆ 100 ಬರಲ್ಲ, ಆದ್ರೆ ಒಂದೇ ಕೈಲಿ ಬಡಗಿ ಕೆಲಸ ಮಾಡೋಕಾಗತ್ತಾ ಅಂತ ಕಮಿಷನರ್ (ಈ ಕಾಯ್ದೆ ಕೆಳಗೆ ಪರಿಹಾರ ತೀರ್ಮಾನ ಮಾಡೋ ಅಧಿಕಾರಿ) 100 ಕೊಟ್ರು, ಮಾಲೀಕ ಸುಪ್ರೀಂ ಕೋರ್ಟ್ ತನಕ ಹೋದ್ರೂ ನಾಲ್ಕು ಜಡ್ಜ್‌ಗಳ ಪೀಠ ಅದನ್ನೇ ಎತ್ತಿ ಹಿಡೀತು.

1984ರ ತಿದ್ದುಪಡಿಯಲ್ಲಿ, ಲಿಸ್ಟಲ್ಲಿ ಇಲ್ಲದ ಗಾಯಕ್ಕೆ ದುಡಿಯೋ ಶಕ್ತಿ ಎಷ್ಟು ಹೋಯ್ತು ಅಂತ ಅರ್ಹ ಡಾಕ್ಟರೇ ಹೇಳಬೇಕು ಅಂತ ಸೇರಿಸಿದ್ರು. ನನ್ ಪ್ರಕಾರ ಗೊಂದಲ ಶುರುವಾಗಿದ್ದೇ ಇಲ್ಲಿಂದ. ಡಾಕ್ಟ್ರಿಗೆ ಮೂಳೆ ಗೊತ್ತು, ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋ ಕೆಲಸ) ಅಂದ್ರೆ ಏನು, ಕತ್ತಿ ಹಿಡ್ಕೊಂಡು ಮರ ಹತ್ತೋದು ಹೇಗೆ ಅಂತ ಅವ್ರಿಗೇನು ಗೊತ್ತು?

ಮುಂದೆ 2008ರಲ್ಲಿ ಒಬ್ಬ ಟ್ಯಾಂಕರ್ ಡ್ರೈವರ್ ಕೇಸು. ಬಲಗಾಲು ಮಂಡಿವರೆಗೆ ಹೋಗಿತ್ತು, ಹೈಕೋರ್ಟ್ 65ಕ್ಕೆ ಇಳಿಸಿದ್ದನ್ನ ಸುಪ್ರೀಂ ಕೋರ್ಟ್ ಮತ್ತೆ 100 ಮಾಡ್ತು. 2010ರ ರಾಜ್‌ಕುಮಾರ್ ತೀರ್ಪು ವಾಹನ ಅಪಘಾತದ್ದು, ಆದ್ರೂ ನಮ್ಮ ವಕೀಲರು ಇಲ್ಲೂ ಅದನ್ನ ಓದ್ತಾನೇ ಇರ್ತಾರೆ: ಅಂಗದ ನಷ್ಟ ಬೇರೆ, ದುಡಿಮೆ ನಷ್ಟ ಬೇರೆ, ಡಾಕ್ಟ್ರು ಮೊದಲನೇದು ಹೇಳ್ಲಿ, ಎರಡನೇದು ತೀರ್ಮಾನ ಮಾಡೋದು ಕೋರ್ಟು. ಕೇಳಿದಷ್ಟು ಪರ್ಸೆಂಟ್ ಧಾರಾಳವಾಗಿ ಬರೆದುಕೊಡೋ ಸರ್ಟಿಫಿಕೇಟ್ ಬಗ್ಗೆ ಹುಷಾರಾಗಿರಿ ಅಂತಾನೂ ಅದ್ರಲ್ಲಿದೆ, ಇನ್ಶೂರೆನ್ಸ್ ವಕೀಲರು ಓದೋದು ಆ ಪ್ಯಾರಾ.

ಸರಿ, ಕೆಳಗಿನ ಕೋರ್ಟ್ ಕೊಟ್ಟ ಪರ್ಸೆಂಟ್ ಒಪ್ಪಿಗೆ ಇಲ್ಲ ಅಂದ್ರೆ? ಮೊದಲು ಲೇಬರ್ ಆಫೀಸರ್ ಹತ್ರ ಇದ್ದ ಈ ಕೇಸು ಈಗ ಸೀನಿಯರ್ ಸಿವಿಲ್ ಜಡ್ಜ್ ಹತ್ರ ನಡೆಯತ್ತೆ, ಅಲ್ಲಿಂದ ಸೀದಾ ಬೆಂಗಳೂರು ಹೈಕೋರ್ಟ್, 60 ದಿನದೊಳಗೆ. ಮಾಲೀಕ ಅಪೀಲ್ ಹಾಕೋದಾದ್ರೆ ದುಡ್ಡು ಮೊದಲೇ ಕಟ್ಟಿರಬೇಕು. ಆದ್ರೆ ಹಳೇ ಕಾಯ್ದೆಯ ಸೆಕ್ಷನ್ 30ರ ಪ್ರಕಾರ ಕಾನೂನಿನ ಗಟ್ಟಿ ಪ್ರಶ್ನೆ ಇದ್ರೆ ಮಾತ್ರ ಅಪೀಲ್, 20 ಕೊಟ್ಟಿದ್ದು ಜಾಸ್ತಿ 12 ಮಾಡಿ ಅನ್ನೋ ಚೌಕಾಸಿ ನಡೆಯಲ್ಲ. 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೊಲ್ಲ ರಾಜಣ್ಣ ಕೇಸಲ್ಲಿ ಇದನ್ನ ಖಡಕ್ಕಾಗಿ ಹೇಳ್ತು, ವಾಸ್ತವಾಂಶಕ್ಕೆ ಕಮಿಷನರೇ ಕೊನೆ, ಹೈಕೋರ್ಟ್ ಮತ್ತೆ ಸಾಕ್ಷಿ ತೂಗಿ ಪರ್ಸೆಂಟ್ ಇಳಿಸಿದ್ದು ತಪ್ಪು ಅಂತ. ಡಾಕ್ಟ್ರ ಸಾಕ್ಷಿನೇ ಇಲ್ದೆ ಪರ್ಸೆಂಟ್ ಕೊಟ್ಟಿದ್ರೆ ಮಾತು ಬೇರೆ, ಅದು ಕಾನೂನಿನ ಪ್ರಶ್ನೆನೇ.

ಈ ತೀರ್ಪಿಂದ ಕಾರ್ಮಿಕರು ಗೆದ್ರು ಅಂತ ತುಂಬ ಜನ ಬರೆದ್ರು, ಅರ್ಧ ನಿಜ. ಕೆಳಗಡೆ 10 ಅಂತ ಆಗೋಯ್ತು ಅಂದ್ರೆ ಅದನ್ನ ಮೇಲೆತ್ತೋಕೂ ಅದೇ ಬಾಗಿಲು ಮುಚ್ಚಿರತ್ತೆ. ಹಾಗಾಗಿ ಆಟ ಎಲ್ಲಾ ಮೊದಲನೇ ಕೋರ್ಟಲ್ಲೇ. ಒಂದ್ಸಲ ಹಿಂದಿನ ಬೆಂಚಲ್ಲಿ ಕೂತು ಡಾಕ್ಟ್ರ ಸಾಕ್ಷಿ ಕೇಳಿದ್ದೆ, ಕಾಲು ಗಂಟೆ ಬರೀ ಡಿಗ್ರಿ, ಎಕ್ಸ್‌ರೇ, ಪ್ಲೇಟು. ಈ ಮನುಷ್ಯ ಇನ್ಮೇಲೆ ಏಣಿ ಹತ್ತಬಲ್ಲನಾ ಅಂತ ಎರಡೂ ಕಡೆಯವರು ಕೇಳ್ಲೇ ಇಲ್ಲ! ಅಸ್ಸಾಂನಿಂದ ಬಂದವರದ್ದು ಇನ್ನೂ ಕಷ್ಟ, ಕೂಲಿ ಕೈಗೆ ಕ್ಯಾಶ್, ಚೆಕ್‌ರೋಲಲ್ಲಿ (ತೋಟದ ಹಾಜರಿ ಪುಸ್ತಕ) ಹೆಸರಿಲ್ಲ, ಡಾಕ್ಟ್ರ ಸಾಕ್ಷಿ ಬರೋ ಹೊತ್ತಿಗೆ ಊರಿಗೆ ಹೋಗಿರ್ತಾರೆ.

2025ರ ನವೆಂಬರ್ 21ರಿಂದ ಆ ಹಳೇ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆ ಒಳಗೆ ಸೇರ್ಕೊಂಡಿದೆ. ತೋಟದ ಲೈನ್ ಮನೆ (ಕಾರ್ಮಿಕರಿಗೆ ಕೊಟ್ಟ ಸಾಲುಮನೆ) ಕುಸಿದು ಗಾಯ ಆದ್ರೆ ಪರಿಹಾರ ಅನ್ನೋದೂ ಅದ್ರಲ್ಲಿದೆ. ಆದ್ರೆ ಭುಜದ ಪರ್ಸೆಂಟ್ ಹೇಳೋದು ಈಗ್ಲೂ ಡಾಕ್ಟ್ರೇ, ಹೈಕೋರ್ಟ್ ಬಾಗಿಲಲ್ಲಿ ಕೇಳೋದೂ ಅದೇ ಕಾನೂನಿನ ಪ್ರಶ್ನೆ.