ಬಾತುಕೋಳಿಗೆ ಲಾವಕ್ಕಿಯ ಕೊಕ್ಕು

2003ರಲ್ಲಿ ರಿಚರ್ಡ್ ಶ್ನೈಡರ್ ಮತ್ತು ಜಿಲ್ ಹೆಲ್ಮ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ವಿಚಿತ್ರ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಲಾವಕ್ಕಿಯ ಭ್ರೂಣದಿಂದ ಒಂದಿಷ್ಟು ಕೋಶಗಳನ್ನು ತೆಗೆದು, ಬಾತುಕೋಳಿ ಭ್ರೂಣದ ತಲೆಯಲ್ಲಿ ಅದೇ ಜಾಗಕ್ಕೆ ಕೂರಿಸಿದ್ದರು. ಬಾತುಕೋಳಿಗೆ ಬೆಳೆದದ್ದು ಲಾವಕ್ಕಿಯ ಪುಟ್ಟ ಚೂಪು ಕೊಕ್ಕು! ಉಲ್ಟಾ ಮಾಡಿದರೆ ಲಾವಕ್ಕಿಗೆ ಬಾತಿನ ಉದ್ದ ಚಪ್ಪಟೆ ಕೊಕ್ಕು. ಮುಖ ಹೇಗಿರಬೇಕು ಅನ್ನುವ ಸೂಚನೆಯನ್ನು ಆ ಕೋಶಗಳೇ ಹೊತ್ತು ತಂದಿದ್ದವು.

ಅವುಗಳ ಹೆಸರು ನ್ಯೂರಲ್ ಕ್ರೆಸ್ಟ್ ಕೋಶಗಳು. ಬೆನ್ನುಮೂಳೆ ಇರುವ ಪ್ರಾಣಿಗಳ ಭ್ರೂಣದಲ್ಲಿ ಮೆದುಳು, ಬೆನ್ನುಹುರಿ ಆಗಬೇಕಾದ ಪದರ ಮಡಚಿಕೊಂಡು ಕೊಳವೆಯಾಗುತ್ತದಲ್ವಾ, ಆ ಮಡಿಕೆಯ ಅಂಚಿನಲ್ಲಿ ಇವು ಹುಟ್ಟುತ್ತವೆ. ಆಮೇಲೆ ಅಲ್ಲಿಂದ ಕಳಚಿಕೊಂಡು ಹೊರಡುತ್ತವೆ. ಕೆಲವು ಮುಖದ ಮೂಳೆಯಾಗುತ್ತವೆ, ಕೆಲವು ಚರ್ಮಕ್ಕೆ ಬಣ್ಣ ಕೊಡುತ್ತವೆ, ಇನ್ನು ಕೆಲವು ಕರುಳಿನುದ್ದಕ್ಕೂ ಸಾಗಿ ಅಲ್ಲಿನ ನರಕೋಶಗಳಾಗುತ್ತವೆ. ಹಲ್ಲಿನ ಒಳಪದರ ಕೂಡ ಇವುಗಳದ್ದೇ. ಒಂದೇ ಅಂಚಿನಲ್ಲಿ ಹುಟ್ಟಿ ಇಷ್ಟೊಂದು ದಾರಿ ಹಿಡಿಯುವ ಕೋಶಗಳು ಭ್ರೂಣದಲ್ಲಿ ಬಹಳ ಅಪರೂಪ.

ಎಲ್ಲ ಕೋಶಗಳಲ್ಲೂ ಇರುವುದು ಅದೇ ಡಿಎನ್ಎ, ಅವೇ ಜೀನ್‌ಗಳು. ಹಾಗಿದ್ದರೆ ಒಂದು ಮೂಳೆ, ಇನ್ನೊಂದು ನರ ಆಗುವುದು ಹೇಗೆ? ಯಾವ ಜೀನ್ ಯಾವಾಗ, ಎಲ್ಲಿ ಚಾಲೂ ಆಗುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಮೊದಲು ಸುತ್ತಲಿನ ಅಂಗಾಂಶಗಳಿಂದ ಬಿಎಂಪಿ, ವಿಂಟ್ ಎಂಬ ಪ್ರೋಟೀನ್‌ಗಳ ಸಂದೇಶ ಬರುತ್ತದೆ. ಅದರಿಂದ ಅಂಚಿನ ಕೋಶಗಳಲ್ಲಿ ಪ್ಯಾಕ್ಸ್7, ಝಿಕ್1ನಂಥ ಜೀನ್‌ಗಳು ಎಚ್ಚರವಾಗುತ್ತವೆ. ಇವು ಫಾಕ್ಸ್‌ಡಿ3, ಸ್ನೇಲ್2, ಸಾಕ್ಸ್10 ಇತ್ಯಾದಿಗಳನ್ನು ಎಬ್ಬಿಸುತ್ತವೆ. ಅವು ಮುಂದಿನವನ್ನು. ಸ್ನೇಲ್2 ಮಾಡುವ ಕೆಲಸ ನೋಡಿ: ಅಕ್ಕಪಕ್ಕದ ಕೋಶಗಳನ್ನು ಅಂಟಿಸಿಟ್ಟಿರುವ ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ಒಂದು ಬಗೆಯನ್ನು ಅದು ತಡೆಯುತ್ತದೆ. ಅಂಟು ಸಡಿಲವಾದರೆ ತಾನೇ ಕೋಶ ಹೊರಡಲು ಸಾಧ್ಯ!

ಈ ಸರಪಳಿ ಎಷ್ಟು ನಿಖರ ಅನ್ನುವುದಕ್ಕೆ 2016ರ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಕೋಳಿಯಲ್ಲಿ ತಲೆಯ ಕ್ರೆಸ್ಟ್ ಕೋಶಗಳು ಮೃದ್ವಸ್ಥಿ, ಅಂದರೆ ಕಿವಿಯ ಮೇಲ್ಭಾಗದಲ್ಲಿ ಕೈಗೆ ಸಿಗುವಂಥ ಮೆತ್ತನೆ ಎಲುಬು, ಮಾಡಬಲ್ಲವು. ಮುಂಡದ ಭಾಗದವು ಮಾಡುವುದಿಲ್ಲ. ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಮಾರ್ಕೋಸ್ ಸಿಮೋಯಿಸ್-ಕೋಸ್ಟಾ ಮತ್ತು ಮೇರಿಯಾನ್ ಬ್ರಾನರ್ ಮುಂಡದ ಕೋಶಗಳಲ್ಲಿ ಬರೀ ಮೂರು ಜೀನ್ ಚಾಲೂ ಮಾಡಿದರು: ಸಾಕ್ಸ್8, ಟಿಫ್ಯಾಪ್2ಬಿ, ಇಟಿಎಸ್1. ಆ ಕೋಶಗಳನ್ನು ತಲೆಗೆ ಕಸಿ ಮಾಡಿದಾಗ ಅವೂ ಮೃದ್ವಸ್ಥಿ ಮಾಡಿದವು. ಹೊಸ ಜೀನ್ ಯಾವುದೂ ಬೇಕಾಗಿರಲಿಲ್ಲ, ಮಲಗಿದ್ದವನ್ನು ಎಬ್ಬಿಸಿದ್ದಷ್ಟೇ.

ಎಬ್ಬಿಸುವ ಸ್ವಿಚ್ ಇರುವುದೆಲ್ಲಿ? ಅದೂ ಡಿಎನ್ಎಯ ಒಂದು ತುಂಡೇ, ಎನ್‌ಹಾನ್ಸರ್ ಅಂತಾರೆ. ಬೇರೆ ಪ್ರೋಟೀನ್‌ಗಳು ಬಂದು ಅದರ ಮೇಲೆ ಕೂತಾಗ ಜೀನ್ ಕೆಲಸ ಶುರುಮಾಡುತ್ತದೆ. ಒಂದೇ ಜೀನ್‌ಗೆ ಇಂಥ ಸ್ವಿಚ್‌ಗಳು ಹಲವು ಇರಬಹುದು, ಒಂದೊಂದೂ ದೇಹದ ಒಂದೊಂದು ಜಾಗಕ್ಕೆ. ಸಾಕ್ಸ್9 ಎಂಬ ಜೀನ್ ತೆಗೆದುಕೊಳ್ಳಿ. ಆ ಜೀನೇ ಕೆಟ್ಟರೆ ಕೈಕಾಲಿನ ಉದ್ದ ಮೂಳೆಗಳು ಬಾಗುತ್ತವೆ, ಉಸಿರಾಟಕ್ಕೆ ಕಷ್ಟ, ಲಿಂಗದ ಬೆಳವಣಿಗೆಯೂ ಏರುಪೇರಾಗಬಹುದು. ಆದರೆ ಅದರಿಂದ 10 ಲಕ್ಷಕ್ಕೂ ಹೆಚ್ಚು ಡಿಎನ್ಎ ಅಕ್ಷರಗಳಷ್ಟು ದೂರದಲ್ಲಿ ಮುಖದ ಕ್ರೆಸ್ಟ್ ಕೋಶಗಳಲ್ಲಿ ಮಾತ್ರ ಕೆಲಸ ಮಾಡುವ ಸ್ವಿಚ್‌ಗಳಿವೆ. ಅವು ಇರುವ ಭಾಗವಷ್ಟೇ ತಪ್ಪಿಹೋದ ಮಕ್ಕಳಲ್ಲಿ ಕೆಳದವಡೆ ಚಿಕ್ಕದಾಗಿ, ನಾಲಿಗೆ ಹಿಂದಕ್ಕೆ ಜಾರಿ, ಅಂಗುಳ ಸೀಳಿರುತ್ತದೆ. ಪಿಯರ್ ರಾಬಿನ್ ಸೀಕ್ವೆನ್ಸ್ ಎನ್ನುವ ತೊಂದರೆ ಇದು. ಕೈಕಾಲು ಸರಿಯಾಗಿಯೇ ಇರುತ್ತವೆ.

ಕರುಳಿನ ಕಥೆಯೂ ಹೀಗೇ. ಸುಮಾರು 5,000 ಮಕ್ಕಳಲ್ಲಿ ಒಂದಕ್ಕೆ ಹಿರ್ಷ್‌ಸ್ಪ್ರಂಗ್ ಕಾಯಿಲೆ ಬರುತ್ತದೆ. ಕ್ರೆಸ್ಟ್ ಕೋಶಗಳು ಕರುಳಿನ ಕೊನೆಯವರೆಗೆ ತಲುಪದೆ, ಆ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ, ಮಗುವಿಗೆ ಮಲ ಹೊರಹೋಗುವುದಿಲ್ಲ. ಆಪರೇಷನ್ ಬೇಕು. ಆರ್‌ಇಟಿ ಎಂಬ ಜೀನ್ ಕೆಟ್ಟರೆ ಇದು ಬರುತ್ತದೆ, ಆದರೆ ಆ ಜೀನ್‌ನ ಸ್ವಿಚ್‌ನಲ್ಲಿನ ಒಂದೇ ಒಂದು ಅಕ್ಷರದ ಬದಲಾವಣೆಯೂ ಅಪಾಯ ಹೆಚ್ಚಿಸುತ್ತದೆ ಎಂದು ತಳಿವಿಜ್ಞಾನಿ ಅರವಿಂದ ಚಕ್ರವರ್ತಿಯವರ ತಂಡ 2005ರಲ್ಲಿ ತೋರಿಸಿತು.

ನಮ್ಮಲ್ಲಿ ಮಗುವಿನ ತುಟಿ ಅಥವಾ ಅಂಗುಳ ಸೀಳಿದ್ದರೆ, ತಾಯಿ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದಳು, ಚಾಕು ಹಿಡಿದಿದ್ದಳು ಅಂತ ಈಗಲೂ ಹೇಳುತ್ತಾರೆ. ದಯವಿಟ್ಟು ಹೇಳಬೇಡಿ. ಮುಖ ರೂಪುಗೊಳ್ಳುವುದು ಬಸಿರಿನ ಮೊದಲ ಮೂರು ತಿಂಗಳೊಳಗೆ, ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಮಾತು. ಜೆನೆಟಿಕ್ ಟೆಸ್ಟ್ ಮಾಡಿಸಿ ರಿಪೋರ್ಟ್ ನಾರ್ಮಲ್ ಬಂದರೂ ಕಾರಣ ಜೀನ್‌ಗಳ ಕಡೆಯದ್ದಲ್ಲ ಅಂತ ತೀರ್ಮಾನಿಸಬೇಡಿ. ಹೆಚ್ಚಾಗಿ ಮಾಡುವ ಎಕ್ಸೋಮ್ ಪರೀಕ್ಷೆ ಓದುವುದು ಪ್ರೋಟೀನ್ ತಯಾರಿಸುವ ಭಾಗವನ್ನು, ಅದು ಇಡೀ ಡಿಎನ್ಎಯಲ್ಲಿ ಶೇ. 2ಕ್ಕಿಂತ ಕಡಿಮೆ. ಸ್ವಿಚ್‌ಗಳಲ್ಲಿ ಬಹುಪಾಲು ಅದರ ಹೊರಗೇ ಇವೆ.