ಸೋಲುವ ಫುಟ್‌ಬಾಲ್ ತಂಡಕ್ಕೆ ಮೊದಲು ಬೇಕಾದ್ದು ಹೊಸ ಕೋಚಾ, ಹೊಸ ಆಟಗಾರರಾ?

ಪ್ರಶ್ನೆ: ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿ 2023-24ರಲ್ಲಿ ಹತ್ತನೇ ಸ್ಥಾನಕ್ಕೆ ಬಿತ್ತು. ಸೀಸನ್ ನಡುವೆ ಕೋಚ್ ಬದಲಿಸಿದರೂ ಮೇಲೆ ಬರಲಿಲ್ಲ. ಮರುವರ್ಷ ಅದೇ ಕೋಚ್ ಇಟ್ಟುಕೊಂಡು ಫೈನಲ್ ಆಡಿತು. ಹಾಗಾದರೆ ಬದಲಾದದ್ದು ಏನು? ತಂಡ ಸೋಲುವಾಗ ಮೊದಲು ಕೋಚನ್ನು ತೆಗೆಯಬೇಕಾ, ಆಟಗಾರರನ್ನಾ?

ಉತ್ತರ: ಪ್ರಶ್ನೆ ಕಾರವಾರದ್ದು. ಅಂಕೋಲಾ, ಕುಮಟಾ ಕಡೆಯವರೂ ಇದನ್ನೇ ಕೇಳುತ್ತಾರೆ. ಶಿರಸಿಯವರು ಕೇಳುವುದಿಲ್ಲ, ಅವರಿಗೆ ಕ್ರಿಕೆಟ್ ಸಾಕು. ಸುಮ್ನೆ ಹೇಳಿದೆ, ಬೇಜಾರು ಬೇಡ.

ಕಾರವಾರದ ಫುಟ್‌ಬಾಲ್ ಪ್ರೇಮಿಗಳದ್ದು ಒಂದು ವಿಚಿತ್ರ ಸ್ಥಿತಿ. ರಾಜ್ಯದ ತಂಡ ನೋಡಲು ಕಂಠೀರವಕ್ಕೆ ಹೋಗಬೇಕೆಂದರೆ ಐನೂರು ಕಿಲೋಮೀಟರ್‌ಗೂ ಜಾಸ್ತಿ ದಾರಿ. ಅದೇ ಕಾಳಿ ಸೇತುವೆ ದಾಟಿ, ಕಾಣಕೋಣ ಹಿಂದೆ ಹಾಕಿ, ಕರ್ಮಲ್ ಘಾಟ್ ಇಳಿದರೆ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂ. ಹಾಗಾಗಿ ಒಂದೇ ಮನೆಯಲ್ಲಿ ಅಣ್ಣ ಎಫ್‌ಸಿ ಗೋವಾ, ತಮ್ಮ ಬೆಂಗಳೂರು. ಎರಡೂ ತಂಡ ಬಿದ್ದದ್ದನ್ನು ನೋಡಿದವರು, ಎದ್ದದ್ದನ್ನೂ ನೋಡಿದವರು. ಉತ್ತರಕ್ಕೆ ಬೇಕಾದ ಉದಾಹರಣೆಗಳೆಲ್ಲ ಹತ್ತಿರದಲ್ಲೇ ಇವೆ.

ಮೊದಲು ಚಿಕ್ಕ ಉತ್ತರ. ಕೋಚ್ ಮೊದಲು. ಯಾಕೆಂದರೆ ಆಟಗಾರರನ್ನು ಆರಿಸುವಾಗ ಅವರ ಮಾತು ನಡೆಯಬೇಕು. ಆದರೆ ಅವರ ಕೈಗೆ ಒಂದು ಪೂರ್ತಿ ಮಳೆಗಾಲ ಸಿಗುವವರೆಗೆ ಅವರ ಬಗ್ಗೆ ತೀರ್ಪು ಕೊಡಬಾರದು. ಇನ್ನೊಂದು, ನಾವೆಲ್ಲ ವಿದೇಶಿ ಆಟಗಾರರ ಹೆಸರು ನೋಡುತ್ತಾ ಕೂರುತ್ತೇವೆ. ತಂಡ ಬೀಳುವುದೂ ಏಳುವುದೂ ಜಾಸ್ತಿ ಭಾರತೀಯ ಆಟಗಾರರ ಮೇಲೆ.

ಮಳೆಗಾಲ ಯಾಕೆ? ಭಾರತದಲ್ಲಿ ಆಟಗಾರರ ಕರಾರು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತದೆ. ಜೂನ್‌ನಲ್ಲಿ ವರ್ಗಾವಣೆಯ ಕಿಟಕಿ, ಅಂದರೆ ಆಟಗಾರರು ಕ್ಲಬ್ ಬದಲಿಸಬಹುದಾದ ಅವಧಿ, ತೆರೆಯುತ್ತದೆ, ಆಗಸ್ಟ್ ಕೊನೆಯವರೆಗೆ ಇರುತ್ತದೆ. ಜನವರಿಯಲ್ಲಿ ಇನ್ನೊಂದು ಸಲ, ಸ್ವಲ್ಪ ದಿನ. ಡಿಸೆಂಬರ್‌ನಲ್ಲಿ ಬಂದ ಕೋಚ್‌ಗೆ ಸಿಗುವುದು ಬೇರೆಯವರು ಆರಿಸಿಟ್ಟ ತಂಡ. ಜನವರಿಯಲ್ಲಿ ಒಳ್ಳೆಯ ಆಟಗಾರರನ್ನು ಯಾವ ಕ್ಲಬ್ ತಾನೇ ಬಿಟ್ಟುಕೊಡುತ್ತದೆ? ಬಿಟ್ಟುಕೊಟ್ಟರೂ ದುಡ್ಡು ಕೇಳುತ್ತದೆ.

ಬೆಂಗಳೂರಿನ ಕಥೆಯನ್ನು ಈ ಕಣ್ಣಿನಿಂದ ನೋಡಿ. ಸೈಮನ್ ಗ್ರೇಸನ್ ಜೂನ್ 2022ರಲ್ಲಿ ಬಂದರು. ಸೆಪ್ಟೆಂಬರ್‌ನಲ್ಲೇ ಡುರಾಂಡ್ ಕಪ್ ಗೆದ್ದರು. ಆಮೇಲೆ ಲೀಗ್‌ನಲ್ಲಿ ತಂಡ ಮುಗ್ಗರಿಸಿತು, ಪಟ್ಟಿಯಲ್ಲಿ ಕೆಳಗೆ ಹೋಯಿತು. ಆಗ ಮಾಲೀಕರು ಅವರನ್ನು ತೆಗೆಯಲಿಲ್ಲ. ತಂಡ ಸತತ ಎಂಟು ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು, ಫತೋರ್ಡಾದಲ್ಲಿ ಫೈನಲ್ ಆಡಿತು. ಮಾರ್ಚ್ 18, 2023ರ ಆ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಪೆನಾಲ್ಟಿಯಲ್ಲಿ ಸೋತದ್ದು ನಮ್ಮ ಕಡೆಯ ತುಂಬಾ ಜನಕ್ಕೆ ಇನ್ನೂ ನೆನಪಿದೆ.

ಅದೇ ಕೋಚ್, ಒಂಬತ್ತು ತಿಂಗಳ ನಂತರ, ಮನೆಗೆ ಹೋದರು. ಮುಂಬೈ ಸಿಟಿ ಎದುರು ಕಂಠೀರವದಲ್ಲಿ 4-0 ಸೋಲು ಕೊನೆಯ ಪೆಟ್ಟು. ಇಷ್ಟು ಬೇಗ ಏನಾಯಿತು? 2023ರ ಮಳೆಗಾಲದಲ್ಲಿ ತಂಡದಿಂದ ಹೊರಗೆ ಹೋದವರ ಹೆಸರು ಓದಿದರೆ ಅರ್ಥವಾಗುತ್ತದೆ. ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಎಫ್‌ಸಿ ಗೋವಾಕ್ಕೆ. ಪ್ರಬೀರ್ ದಾಸ್ ಕೇರಳಕ್ಕೆ. ರಾಯ್ ಕೃಷ್ಣ ಒಡಿಶಾಕ್ಕೆ. ಕೃಷ್ಣ ಒಬ್ಬರನ್ನು ಬಿಟ್ಟರೆ ಉಳಿದ ಮೂವರೂ ಭಾರತೀಯರು. ಫೈನಲ್ ತಲುಪಿದ ತಂಡದ ಬೆನ್ನೆಲುಬನ್ನೇ ಬಿಚ್ಚಿ, ಆ ಜಾಗಕ್ಕೆ ಅಷ್ಟೇ ತೂಕದವರನ್ನು ತರಲಿಲ್ಲ. ನನ್ನನ್ನು ಕೇಳಿದರೆ ಆ ಹತ್ತನೇ ಸ್ಥಾನ ಜೂನ್‌ನಲ್ಲೇ ಅರ್ಧ ಬರೆದಾಗಿತ್ತು.

ಡಿಸೆಂಬರ್ 2023ರಲ್ಲಿ ಸ್ಪೇನಿನ ಜೆರಾರ್ಡ್ ಸರಗೋಸ ಬಂದರು. ಜನವರಿಯಲ್ಲಿ ಹೈದರಾಬಾದ್‌ನಿಂದ ನಿಖಿಲ್ ಪೂಜಾರಿ, ಚಿಂಗ್ಲೆನ್ಸನಾ ಸಿಂಗ್ ಬಂದರು. ಆದರೂ 22 ಪಂದ್ಯಕ್ಕೆ 22 ಅಂಕ. ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. 'ಹೊಸ ಕೋಚ್ ಬಂದರೂ ಅಷ್ಟೇ' ಎಂದು ಆಗ ಎಷ್ಟು ಜನ ಹೇಳಲಿಲ್ಲ? ಇಂಗ್ಲೆಂಡ್, ಸ್ಪೇನ್ ಲೀಗ್‌ಗಳಲ್ಲಾಗಿದ್ದರೆ ಅವರನ್ನೂ ಕಳಿಸುತ್ತಿದ್ದರೇನೋ. ಅಲ್ಲಿ ಕೆಳಗಿನ ಸ್ಥಾನ ಎಂದರೆ ಕೆಳಗಿನ ಲೀಗ್‌ಗೆ ಇಳಿಯುವ ಭಯ. ಐಎಸ್‌ಎಲ್‌ನಲ್ಲಿ ಆಗ ಆ ಭಯ ಇರಲಿಲ್ಲ. ಇದು ಲೀಗ್‌ನ ದೊಡ್ಡ ಕೊರತೆ ಎಂದು ಬಯ್ಯುವವರಿದ್ದರು, ನಾನೂ ಬಯ್ಯುತ್ತಿದ್ದೆ. ಆದರೆ ತಂಡ ಕಟ್ಟುವವರಿಗೆ ಅದರಿಂದ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತಿತ್ತು.

2024ರ ಮಳೆಗಾಲದಲ್ಲಿ ಬೆಂಗಳೂರು ಮಾಡಿದ ಕೆಲಸ ಚೆನ್ನಾಗಿತ್ತು. ಮುಂಬೈ ಸಿಟಿ ಆ ವರ್ಷ ಮೇನಲ್ಲಿ ಕಪ್ ಎತ್ತಿತ್ತು. ಆ ತಂಡದಿಂದಲೇ ಮೂವರನ್ನು ಕರೆತಂದರು: ನಾಯಕ ರಾಹುಲ್ ಭೇಕೆ, ಮಿಡ್‌ಫೀಲ್ಡ್‌ಗೆ ಆಲ್ಬರ್ಟೊ ನೊಗುವೆರಾ, ಗೋಲು ಹೊಡೆಯಲು ಜಾರ್ಜ್ ಪೆರೆಯ್ರಾ ಡಯಾಜ್. ಹಿಂದೆ, ನಡುವೆ, ಮುಂದೆ, ಒಬ್ಬೊಬ್ಬರು. ಭೇಕೆಗೆ ಬೆಂಗಳೂರು ಹೊಸದಲ್ಲ. 2019ರ ಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಕಪ್ ತಂದುಕೊಟ್ಟ ಗೋಲು ಅವರದ್ದೇ. ಇವರ ಜೊತೆ ಎಡ್ಗರ್ ಮೆಂಡೆಜ್, ಪೆಡ್ರೊ ಕಾಪೊ. ಹಳೆಯ ವಿದೇಶಿಯರಲ್ಲಿ ರಯಾನ್ ವಿಲಿಯಮ್ಸ್, ಅಲೆಕ್ಸಾಂಡರ್ ಜೊವಾನೊವಿಚ್ ಉಳಿದರು. ಗೋಲ್‌ಕೀಪರ್ ಗುರ್‌ಪ್ರೀತ್, ಸುರೇಶ್ ವಾಂಗ್‌ಜಮ್, ರೋಶನ್ ಸಿಂಗ್, ಸುನಿಲ್ ಛೆಟ್ರಿ ಹಾಗೇ ಇದ್ದರು. ಅಂದರೆ ಮನೆ ಪೂರ್ತಿ ಒಡೆಯಲಿಲ್ಲ. ಆರು ವಿದೇಶಿಯರಲ್ಲಿ ನಾಲ್ವರನ್ನು ಬದಲಿಸಿ, ಭಾರತೀಯರಲ್ಲಿ ತೂತು ಇದ್ದ ಕಡೆ ಮಾತ್ರ ಕೈ ಹಾಕಿದರು.

ಈಗ ಲೆಕ್ಕಕ್ಕೆ ಬನ್ನಿ. ಆ ಸೀಸನ್‌ನ ನಿಯಮದ ಪ್ರಕಾರ ಒಂದು ಕ್ಲಬ್ ಆರು ವಿದೇಶಿಯರನ್ನು ಇಟ್ಟುಕೊಳ್ಳಬಹುದು, ಮೈದಾನಕ್ಕೆ ಒಮ್ಮೆಗೆ ನಾಲ್ವರು. ಉಳಿದ ಏಳು ಜನ ಭಾರತೀಯರೇ. ವಿದೇಶಿ ಆಟಗಾರರು ಬೇಕೆಂದರೆ ಇಡೀ ಜಗತ್ತೇ ಸಂತೆ. ಸ್ಪೇನಿನ ಎರಡನೇ ದರ್ಜೆ ಲೀಗ್‌ನಲ್ಲಿ ಹುಡುಕಿದರೆ ಹತ್ತು ಜನ ಸಿಗುತ್ತಾರೆ. ಒಳ್ಳೆಯ ಭಾರತೀಯ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಬೇಕೆಂದರೆ? ಬೆರಳೆಣಿಕೆ ಮಂದಿ, ಎಲ್ಲರೂ ಯಾವುದೋ ಕ್ಲಬ್‌ನ ಕರಾರಿನಲ್ಲಿ ಇರುತ್ತಾರೆ. ಹಾಗಾಗಿ ಬುದ್ಧಿವಂತ ಕ್ಲಬ್ ಮೊದಲು ನೋಡುವುದು ಮುಂದಿನ ಮೇನಲ್ಲಿ ಯಾವ ಭಾರತೀಯರ ಕರಾರು ಮುಗಿಯುತ್ತದೆ ಎಂದು. ಕರಾರಿನ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂಚಿತವಾಗಿ ಸಹಿ ಮಾಡಬಹುದು, ಫಿಫಾ ನಿಯಮವೇ ಇದೆ. ಜನವರಿ ಪತ್ರಿಕೆಗಳಲ್ಲಿ ಬರುವ ಗಾಳಿಸುದ್ದಿಗಳ ಹಿಂದೆ ಇರುವುದು ಇದೇ.

ಫಲ ಏನಾಯಿತು? ಮೊದಲ ಪಂದ್ಯ ಈಸ್ಟ್ ಬೆಂಗಾಲ್ ಎದುರು 1-0 ಗೆಲುವು. ಗೋಲು ಹೊಡೆದದ್ದು 19ರ ಹುಡುಗ ವಿನೀತ್ ವೆಂಕಟೇಶ್. 24 ಪಂದ್ಯಕ್ಕೆ 38 ಅಂಕ, ಮೂರನೇ ಸ್ಥಾನ. ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಮುಂಬೈ ಸಿಟಿ ಎದುರು 5-0 ಗೆಲುವು. ನಲವತ್ತು ವರ್ಷದ ಛೆಟ್ರಿ ಸೀಸನ್‌ನಲ್ಲಿ 14 ಗೋಲು ಹೊಡೆದರು.

ಏಪ್ರಿಲ್ 6, 2025ರ ಫತೋರ್ಡಾ ಸೆಮಿಫೈನಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸೆಮಿಫೈನಲ್ ಎಂದರೆ ಎರಡು ಪಂದ್ಯ, ಎರಡರ ಗೋಲನ್ನೂ ಕೂಡಿಸಿ ಲೆಕ್ಕ. ಮೊದಲನೆಯದನ್ನು ಕಂಠೀರವದಲ್ಲಿ ಬೆಂಗಳೂರು 2-0 ಗೆದ್ದು ಬಂದಿತ್ತು. ಇಲ್ಲಿ ಗೋವಾ ಎರಡು ಗೋಲು ಹೊಡೆದು ಸಮ ಮಾಡಿತು, ಎರಡನೆಯದು ಪಂದ್ಯ ಮುಗಿಯಲು ಎರಡು ನಿಮಿಷ ಇರುವಾಗ. ಸ್ಟೇಡಿಯಂ ಹುಚ್ಚೆದ್ದಿತ್ತು. ಅಂಥ ಹೊತ್ತಿನಲ್ಲಿ ಹೊಸದಾಗಿ ಕೂಡಿಸಿದ ತಂಡ ಕುಸಿಯುವುದೇ ಜಾಸ್ತಿ. ಇಂಜುರಿ ಟೈಮ್‌ನಲ್ಲಿ ಬಲಗಡೆಯಿಂದ ನಮ್‌ಗ್ಯಾಲ್ ಭುಟಿಯಾ ಒಂದು ಕ್ರಾಸ್ ಹಾಕಿದರು. ಛೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು. ಗೋಲು. ಒಟ್ಟು 3-2, ಬೆಂಗಳೂರು ಫೈನಲ್‌ಗೆ. ಕ್ರಾಸ್ ಹಾಕಿದವರೂ ತಲೆ ಕೊಟ್ಟವರೂ ಹತ್ತನೇ ಸ್ಥಾನದ ತಂಡದಲ್ಲೂ ಇದ್ದವರೇ. ಅವರ ಸುತ್ತ ಇದ್ದವರು ಬದಲಾಗಿದ್ದರು, ಅವರಿಗೆ ಏನು ಮಾಡಬೇಕೆಂದು ಹೇಳುವವರಿಗೆ ಸಮಯ ಸಿಕ್ಕಿತ್ತು. ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು 2-1 ಸೋತರು, ಅದೂ ಹೆಚ್ಚುವರಿ ಸಮಯದಲ್ಲಿ.

ಇನ್ನು ಕೋಚ್ ಎಂದರೆ ಒಬ್ಬರೇ ಎಂದುಕೊಳ್ಳುತ್ತೇವೆ ಅಲ್ವಾ? ಅವರ ಹಿಂದೆ ಸಹಾಯಕ ಕೋಚ್, ಗೋಲ್‌ಕೀಪಿಂಗ್ ಕೋಚ್, ಫಿಟ್‌ನೆಸ್ ಕೋಚ್, ವಿಡಿಯೊ ನೋಡಿ ಲೆಕ್ಕ ಹಾಕುವ ಅನಲಿಸ್ಟ್, ಫಿಸಿಯೊ ಎಲ್ಲ ಇರುತ್ತಾರೆ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಮ್ಮೇಳದಲ್ಲಿ ಎಂಥ ವೇಷಧಾರಿ ಇದ್ದರೂ ಹಿಮ್ಮೇಳದಲ್ಲಿ ಹೊಂದಿಕೆ ಇಲ್ಲದಿದ್ದರೆ ಆಟ ಏಳುವುದಿಲ್ಲ. ಭಾಗವತರನ್ನು ಮಾತ್ರ ಬದಲಿಸಿದರೆ ಮೊದಲ ಕೆಲವು ರಾತ್ರಿ ಚಂಡೆಯವರು ಮದ್ದಳೆಯವರು ಅವರ ಮುಖ ನೋಡಿಕೊಂಡೇ ಬಾರಿಸಬೇಕು.

ಫತೋರ್ಡಾಕ್ಕೆ ಹೋದಾಗ ಒಮ್ಮೆ ಬೆಂಚಿನ ಹತ್ತಿರದ ಸೀಟು ಹಿಡಿದು ನೋಡಿ. ಬದಲಿ ಆಟಗಾರ ಇಳಿಯುವ ಮುಂಚೆ ಸಹಾಯಕ ಕೋಚ್ ಒಂದು ಫೈಲ್ ತೆರೆದು ಅವನ ಮುಖದ ಮುಂದೆ ಹಿಡಿಯುತ್ತಾರೆ. ಎದುರಾಳಿಗೆ ಕಾರ್ನರ್ ಸಿಕ್ಕಿದರೆ ನೀನು ಇವನನ್ನು ಹಿಡಿ, ನಮಗೆ ಸಿಕ್ಕಿದರೆ ಈ ಕಂಬದ ಹತ್ತಿರ ಓಡು ಎಂದು ಬೆರಳಿಟ್ಟು ತೋರಿಸುತ್ತಾರೆ. ಅವನು ತಲೆ ಆಡಿಸುತ್ತಾನೆ, ಕಣ್ಣು ಮಾತ್ರ ಮೈದಾನದ ಮೇಲೆ. ಆ ಪುಟ ಅವನಿಗೆ ಮೊದಲೇ ಬಾಯಿಪಾಠ ಆಗಿರಬೇಕು. ಆಗಿರಬೇಕೆಂದರೆ ಸಿಬ್ಬಂದಿ ತಿಂಗಳುಗಟ್ಟಲೆ ಒಟ್ಟಿಗೆ ಇರಬೇಕು.

ಬೆಂಗಳೂರಿನ ಒಳ್ಳೆಯ ದಿನಗಳ ಗುಟ್ಟು ಇಲ್ಲೇ ಇತ್ತು. ಆಲ್ಬರ್ಟ್ ರೋಕಾ ಕೋಚ್ ಆಗಿದ್ದಾಗ ಕಾರ್ಲೆಸ್ ಕ್ವಾಡ್ರಾಟ್ ಅವರ ಸಹಾಯಕ. ರೋಕಾ ಹೋದ ಮೇಲೆ 2018ರಲ್ಲಿ ಅವರೇ ಮುಖ್ಯ ಕೋಚ್ ಆದರು, ಮೊದಲ ಸೀಸನ್‌ನಲ್ಲೇ ಐಎಸ್‌ಎಲ್ ಗೆದ್ದರು. ಆಟಗಾರರು ಹೊಸ ಪಾಠ ಕಲಿಯಬೇಕಾಗಿರಲಿಲ್ಲ. ಜನವರಿ 2021ರಲ್ಲಿ ಅವರನ್ನು ಕಳಿಸಿದ ಮೇಲೆ ಮೂರು ವರ್ಷದೊಳಗೆ ಹಂಗಾಮಿಯಾಗಿ ನೌಶಾದ್ ಮೂಸಾ, ಆಮೇಲೆ ಜರ್ಮನಿಯ ಮಾರ್ಕೊ ಪೆಜ್ಜಾಯೋಲಿ, ಇಂಗ್ಲೆಂಡಿನ ಗ್ರೇಸನ್, ಸ್ಪೇನಿನ ಸರಗೋಸ. ಒಬ್ಬೊಬ್ಬರದ್ದು ಒಂದೊಂದು ಆಟ. ಒಬ್ಬರಿಗಾಗಿ ತಂದ ಆಟಗಾರ ಇನ್ನೊಬ್ಬರಿಗೆ ಬೇಡ. ಹೀಗಿರುವಾಗ ಬೆಂಚಿನಲ್ಲಿ ಉಳಿದುಕೊಳ್ಳುವ ಭಾರತೀಯ ಸಹಾಯಕ ಕೋಚ್ ತುಂಬಾ ಬೆಲೆಯವರು. ಗ್ರೇಸನ್ ಹೋದಾಗ ತಂಡವನ್ನು ಹಿಡಿದುಕೊಂಡದ್ದು ರೆನೆಡಿ ಸಿಂಗ್. ಭಾರತಕ್ಕೆ ಆಡಿದವರು, ಹುಡುಗರ ಮಾತು ಗೊತ್ತಿದ್ದವರು.

ಗೋವಾ ಅಭಿಮಾನಿಗಳು ಮುನಿಸಿಕೊಳ್ಳುವ ಮೊದಲು ಅವರ ಕಥೆಯನ್ನೂ ಹೇಳಿಬಿಡುತ್ತೇನೆ. ಡಿಸೆಂಬರ್ 2021ರಲ್ಲಿ ಕೋಚ್ ಹುವಾನ್ ಫೆರಾಂಡೊ ಸೀಸನ್ ನಡುವೆಯೇ ಎಟಿಕೆ ಮೋಹನ್ ಬಾಗಾನ್‌ಗೆ ಹೋದರು. ಗೋವಾ ಒಂಬತ್ತನೇ ಸ್ಥಾನ. ಮುಂದಿನ ವರ್ಷ ಏಳು. 2023ರಲ್ಲಿ ಮನೋಲೊ ಮಾರ್ಕ್ವೆಜ್ ಬಂದರು, ಮಳೆಗಾಲದ ಆರಂಭದಲ್ಲೇ. ಹೈದರಾಬಾದ್‌ನಲ್ಲಿ ತಮ್ಮ ಜೊತೆ ಇದ್ದ ಡಿಫೆಂಡರ್ ಒಡೆಯ್ ಒನಾಯಿಂಡಿಯಾ ಜೊತೆಗೆ, ಬೆಂಗಳೂರು ಬಿಟ್ಟ ಝಿಂಗನ್ ಮತ್ತು ಉದಾಂತ. ಆ ವರ್ಷ ಮೂರನೇ ಸ್ಥಾನ, ಮರುವರ್ಷ ಎರಡನೇ ಸ್ಥಾನ. ಅಂದರೆ ಒಂದೇ ಮಳೆಗಾಲದಲ್ಲಿ ಇಬ್ಬರು ಭಾರತೀಯರು ಗಡಿ ದಾಟಿದ್ದರಿಂದ ಒಂದು ತಂಡ ಇಳಿಯಿತು, ಇನ್ನೊಂದು ಏರಿತು. ಕಾರಣ ಅದೊಂದೇ ಎಂದರೆ ಉತ್ಪ್ರೇಕ್ಷೆ. ಆದರೆ ಕಾರವಾರದ ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಸಾಕು.

ಮಾರ್ಕ್ವೆಜ್ ಹೈದರಾಬಾದ್‌ನಲ್ಲಿ ಮಾಡಿದ್ದು ಇನ್ನೂ ದೊಡ್ಡದು. 2019-20ರಲ್ಲಿ ಆ ತಂಡ ಬರೀ 10 ಅಂಕದೊಂದಿಗೆ ಕೊನೆಯ ಸ್ಥಾನದಲ್ಲಿತ್ತು. 2020ರಲ್ಲಿ ಇವರು ಬಂದು ಆಕಾಶ್ ಮಿಶ್ರಾ, ಆಶಿಶ್ ರೈ ಥರದ ಎಳೆಯ ಭಾರತೀಯರನ್ನು ಆಡಿಸಿದರು. ಮೊದಲ ವರ್ಷ ಐದನೇ ಸ್ಥಾನ. ಎರಡನೇ ವರ್ಷ, ಮಾರ್ಚ್ 2022ರಲ್ಲಿ, ಫತೋರ್ಡಾದಲ್ಲೇ ಕಪ್. ಆಮೇಲೆ ಆ ಕ್ಲಬ್‌ನ ಹಣಕಾಸು ಕೆಟ್ಟಿತು, ಆಟಗಾರರು ಒಬ್ಬೊಬ್ಬರಾಗಿ ಹೊರಟರು. 2023-24ರಲ್ಲಿ ಅದೇ ಹೈದರಾಬಾದ್ 8 ಅಂಕದೊಂದಿಗೆ ಮತ್ತೆ ಕೊನೆಯಲ್ಲಿ. ಪೂಜಾರಿ, ಚಿಂಗ್ಲೆನ್ಸನಾ ಬೆಂಗಳೂರಿಗೆ ಬಂದದ್ದು ಹೀಗೆ.

ಆದ್ದರಿಂದ ಕೋಚಾ, ಆಟಗಾರರಾ ಎನ್ನುವುದಕ್ಕಿಂತ ಮುಂಚೆ ಸಂಬಳದ ಪ್ರಶ್ನೆ ಬರುತ್ತದೆ. 2025ರಲ್ಲಿ ಭಾರತದ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿಯ ಒಪ್ಪಂದ ಏನಾಗುತ್ತದೆಂದು ಗೊತ್ತಾಗದೆ ಹೊಸ ಸೀಸನ್ನೇ ತೂಗಾಡಿತು. ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಮುಖ್ಯ ತಂಡದ ಆಟಗಾರರು, ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದಷ್ಟೇ ಫೈನಲ್ ಆಡಿದ್ದ ತಂಡ ಅದು.