ಚಿತ್ರ ಎಣಿಸಬೇಡಿ, ತಲೆ ಎಣಿಸಿ

ಎಂಆರ್‌ಐ ಚಿತ್ರದಿಂದ ಆಲ್ಝೈಮರ್ ಗುರುತಿಸುವ ಪ್ರಾಜೆಕ್ಟ್ ಹಿಡಿದಿದ್ದೀರಾ? ಹಾಗಿದ್ದರೆ ಕೋಡ್ ಬರೆಯುವ ಮೊದಲು ಇದನ್ನೊಮ್ಮೆ ಓದಿ.

ಕಿವಿಯ ನೇರಕ್ಕೆ ಮೆದುಳಿನೊಳಗೆ, ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಇದೆ. ಹೊಸ ನೆನಪು ಕೂರಬೇಕಾದರೆ ಇದು ನೆಟ್ಟಗಿರಬೇಕು. ಆಲ್ಝೈಮರ್‌ನಲ್ಲಿ ಮೊದಮೊದಲು ಸೊರಗುವ ಜಾಗಗಳಲ್ಲಿ ಇದೂ ಒಂದು. ಇದು ಕುಗ್ಗಿದಷ್ಟೂ ಪಕ್ಕದ ದ್ರವ ತುಂಬಿದ ಸಂದು ಅಗಲವಾಗುತ್ತದೆ, ಟಿ1 ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ರೇಡಿಯಾಲಜಿಸ್ಟ್‌ಗಳು ಕಣ್ಣಳತೆಯಲ್ಲೇ ಇದಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಫ್ರೀಸರ್ಫರ್‌ನಂಥ ತಂತ್ರಾಂಶ ಹಿಪೊಕ್ಯಾಂಪಸ್‌ನ ಗಾತ್ರವನ್ನು ಘನ ಮಿಲಿಮೀಟರ್‌ನಲ್ಲಿ ಹೇಳುತ್ತದೆ. ಚಿತ್ರ ನೋಡಿ ತಾನೇ ಕಲಿಯುವ ಸಿಎನ್‌ಎನ್ ಮಾಡೆಲ್‌ಗೆ ಮಾತ್ರ ಎಲ್ಲಿ ನೋಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಅದು ಕಾಯಿಲೆಯನ್ನೇ ಕಲಿಯಿತು ಅನ್ನುವ ಖಾತ್ರಿಯೂ ಇಲ್ಲ.

ನಮ್ಮಲ್ಲಿ ತುಂಬ ಜನ ಮೊದಲು ಇಳಿಸಿಕೊಳ್ಳುವ ಪುಕ್ಕಟೆ ಡೇಟಾಸೆಟ್ ಒಂದಿದೆ, 6,400 ಚಿತ್ರಗಳದ್ದು. ಕಾಯಿಲೆ ಇಲ್ಲದ್ದು 3,200, ತೀರಾ ಸೌಮ್ಯ 2,240, ಸೌಮ್ಯ 896, ಮಧ್ಯಮ 64. ನಾಲ್ಕನ್ನೂ 32ರಿಂದ ಭಾಗಿಸಿ: 100, 70, 28, 2. ಶೇಷವೇ ಇಲ್ಲ! ಈಗ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಓಯಸಿಸ್-1 ಎಂಬ ಮೆದುಳಿನ ಎಂಆರ್‌ಐ ಸಂಗ್ರಹದ ಪಟ್ಟಿ ತೆರೆಯಿರಿ. 416 ಜನರಲ್ಲಿ ಮರೆಗುಳಿತನ ಇದ್ದವರು 100. ಹಂತವಾರು 70, 28, 2. ಒಬ್ಬೊಬ್ಬರ ತಲೆಯಿಂದ 32 ಸ್ಲೈಸ್, ಅಂದರೆ ಪದರ ಪದರವಾದ ಚಿತ್ರ, ತೆಗೆದಿದ್ದಾರೆ ಅಂತಲೇ ನನ್ನ ಲೆಕ್ಕ. ಅಲ್ಲಿಗೆ, ‘ಮಧ್ಯಮ’ ಅನ್ನುವ ಇಡೀ ವರ್ಗ ಇಬ್ಬರೇ ಮನುಷ್ಯರು.

ಇವನ್ನೆಲ್ಲ ಕಲಸಿ, ಮಾಡೆಲ್‌ಗೆ ಕಲಿಸಲು (ಟ್ರೈನಿಂಗ್) ಶೇ. 80, ಪರೀಕ್ಷಿಸಲು (ಟೆಸ್ಟ್) ಶೇ. 20 ಅಂತ ಪಾಲು ಮಾಡಿದರೆ ಒಬ್ಬರದೇ 14ನೇ ಸ್ಲೈಸ್ ಟ್ರೈನಿಂಗ್‌ಗೆ, 15ನೆಯದು ಟೆಸ್ಟ್‌ಗೆ ಹೋಗಿರುತ್ತದೆ. ಬಾಳೆದಿಂಡು ಹೆಚ್ಚಿದ ಬಿಲ್ಲೆಗಳ ಹಾಗೆ ಅಕ್ಕಪಕ್ಕದವು ಒಂದೇ ಥರ. ಮಾಡೆಲ್ ಆಳನ್ನು ಗುರುತು ಹಿಡಿಯುತ್ತದೆ, ರೋಗವನ್ನಲ್ಲ. ನನಗೂ ಹೀಗೇ ಶೇ. 98 ನಿಖರತೆ ಬಂದಿತ್ತು, ಸ್ಕ್ರೀನ್‌ಶಾಟ್ ಬೇರೆ ಹಂಚಿದ್ದೆ. ಗೈಡ್ ಮೇಡಂ ಕೇಳಿದ್ದು ಒಂದೇ: “ಟೆಸ್ಟ್‌ನಲ್ಲಿ ಎಷ್ಟು ಜನ ಇದ್ದಾರಪ್ಪಾ?” ಚಿತ್ರ ಎಷ್ಟು ಅಂತ ಗೊತ್ತಿತ್ತು, ಜನ ಗೊತ್ತಿರಲಿಲ್ಲ.

ಮಾಡಬೇಕಾದ್ದು ಇಷ್ಟು. ಮೂಲ ಓಯಸಿಸ್‌ಗೇ ಹೋಗಿ, ವ್ಯಕ್ತಿಯ ಐಡಿ ಅಲ್ಲಿ ಸಿಗುತ್ತದೆ. ಮೊದಲು ಜನರನ್ನು ಬೇರ್ಪಡಿಸಿ, ಆಮೇಲೆ ಸ್ಲೈಸ್ ತೆಗೆಯಿರಿ. ತಿರುಗಿಸಿ, ಮಗುಚಿ ಚಿತ್ರ ಹೆಚ್ಚಿಸುವ ಕೆಲಸ ಅದಾದ ಮೇಲೆ. ಜನರನ್ನು ಬೇರ್ಪಡಿಸಲೆಂದೇ ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ಗ್ರೂಪ್‌ಕೆಫೋಲ್ಡ್ ಇದೆ, ಒಬ್ಬರ ಚಿತ್ರಗಳನ್ನೆಲ್ಲ ಒಂದೇ ಪಾಲಿಗೆ ಹಾಕುತ್ತದೆ. ‘ಮಧ್ಯಮ’ದ ಆ ಇಬ್ಬರನ್ನು ‘ಸೌಮ್ಯ’ದ ಜೊತೆ ಸೇರಿಸಿಬಿಡಿ. ವಯಸ್ಸೂ ನೋಡಿಕೊಳ್ಳಿ: ಓಯಸಿಸ್-1ರಲ್ಲಿ 18ರ ಹುಡುಗರೂ ಇದ್ದಾರೆ, ಮುದುಕರಿಗೂ ಅವರಿಗೂ ವ್ಯತ್ಯಾಸ ಹೇಳಲು ಸಿಎನ್‌ಎನ್ ಯಾಕೆ ಬೇಕು?

ಹೀಗೆ ಮಾಡಿದರೆ ಮಾಡೆಲ್‌ನ ನಿಖರತೆ ಇಳಿಯುತ್ತದೆ. ವೈವಾದಲ್ಲಿ ಯಾಕಿಷ್ಟು ಕಡಿಮೆ ಅಂತ ಕೇಳಿದರೆ, ಬೋರ್ಡ್ ಮೇಲೆ 32ರ ಭಾಗಾಕಾರ ಮಾಡಿ ತೋರಿಸಿ.